ಎರಡು ಭಾಷೆಗಳ ನಡುವೆ ಅರೇ ದಾಟಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಒಂದೇ ಭಾಷೆಯಲ್ಲಿ ಮುಗಿಯುವ ಪ್ರಾಜೆಕ್ಟು ಅಪರೂಪ. ಹಳೇ ಫೋರ್ಟ್ರಾನ್ ಹವಾಮಾನ ಮಾದರಿಯನ್ನು ಪೈಥಾನಿನಿಂದ ಓಡಿಸುವವರು, ಜಾವಾ ಸರ್ವರಿನ ಒಳಗೆ ಸಿ ಲೈಬ್ರರಿ ಕೂರಿಸುವವರು, ಸಿಯಲ್ಲಿ ಬರೆದದ್ದನ್ನು ಬ್ರೌಸರಿಗೆ ತರುವವರು, ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಕಡೆ: ಅರೇಯನ್ನು, ಅಂದರೆ ಸಾಲಾಗಿ ಜೋಡಿಸಿದ ಸಂಖ್ಯೆಗಳ ಗುಂಪನ್ನು, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವಾಗ. ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಹೆಬ್ಬಾಳ, ಜಯನಗರ, ಕೆಂಗೇರಿ, ವೈಟ್‌ಫೀಲ್ಡ್ ಈ 4 ಜಾಗಗಳ 12 ತಿಂಗಳ ಮಳೆ, ಮಿಲಿಮೀಟರಿನಲ್ಲಿ. 4 ಅಡ್ಡಸಾಲು, 12 ಕಂಬಸಾಲು, ಒಟ್ಟು 48 ಸಂಖ್ಯೆ. ಒಂದೊಂದೂ 8 ಬೈಟಿನ ಡಬಲ್ (ದಶಾಂಶ ಸಂಖ್ಯೆಯ ಬಗೆ), ಅಂದರೆ ಇಡೀ ಅರೇ 384 ಬೈಟ್.

ಅರೇಯನ್ನು ಇನ್ನೊಂದು ಭಾಷೆಗೆ ಕೊಟ್ಟಾಗ ನಿಜವಾಗಿ ದಾಟುವುದೇನು?

ಬಹುಪಾಲು ಸಂದರ್ಭದಲ್ಲಿ ಒಂದೇ ಒಂದು ಸಂಖ್ಯೆ: ಮೊದಲ ಅಂಶ ಮೆಮೊರಿಯಲ್ಲಿ ಇರುವ ವಿಳಾಸ. ಬೀದಿಯ ಮೊದಲ ಮನೆಯ ವಿಳಾಸ ಕೊಟ್ಟ ಹಾಗೆ. ಬೀದಿಯಲ್ಲಿ ಎಷ್ಟು ಮನೆ, ಒಂದೊಂದು ಸೈಟು ಎಷ್ಟು ಅಗಲ, ಮುಂದಿನ ಮನೆ ಪಕ್ಕದಲ್ಲೇ ಇದೆಯೋ ಮೂರು ಸೈಟು ಬಿಟ್ಟು ಇದೆಯೋ, ಮನೆ ನಾಳೆಯೂ ಇರುತ್ತದೋ ಇಲ್ಲ ಕೆಡವುತ್ತಾರೋ, ಇದ್ಯಾವುದೂ ಆ ವಿಳಾಸದಲ್ಲಿ ಇಲ್ಲ. ಅಂಶದ ಬಗೆ, ಅಳತೆ, ಜೋಡಣೆ, ಒಡೆತನ ಈ ನಾಲ್ಕನ್ನೂ ಎರಡೂ ಕಡೆಯವರು ಬೇರೆಯಾಗಿ ಒಪ್ಪಿಕೊಂಡಿರಬೇಕು. ಕೆಳಗಿನ ಪ್ರಶ್ನೆಗಳೆಲ್ಲ ಈ ನಾಲ್ಕರಲ್ಲಿ ಒಂದನ್ನು ಮರೆತ ಕಡೆಯಿಂದ ಹುಟ್ಟಿದವು.

ಸಿ ಫಂಕ್ಷನ್ನಿನ ಒಳಗೆ ಸೈಜ್‌ಆಫ್ ಹಾಕಿದರೆ ಉದ್ದ 1 ಅಂತ ಬರುತ್ತಿದೆ. ಏಕೆ?

ಫಂಕ್ಷನ್ನಿಗೆ ಬಂದದ್ದು ಅರೇ ಅಲ್ಲ, ಪಾಯಿಂಟರ್, ಅಂದರೆ ಅದರ ವಿಳಾಸ. ಸೈಜ್‌ಆಫ್ ಹೇಳುವುದು ಬೈಟುಗಳ ಅಳತೆ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 8 ಬೈಟ್, ಡಬಲ್ ಕೂಡ 8 ಬೈಟ್, ಭಾಗಿಸಿದರೆ 1. 4 ಬೈಟಿನ ಇಂಟ್ ಆಗಿದ್ದರೆ 2 ಬರುತ್ತಿತ್ತು. ಉದ್ದವನ್ನು ಬೇರೆ ಆರ್ಗ್ಯುಮೆಂಟಾಗಿಯೇ ಕೊಡಿ. ಎರಡು ಆಯಾಮ ಇದ್ದರೆ ಎರಡು ಉದ್ದ. ಅದು ಅಂಶಗಳ ಲೆಕ್ಕವೋ ಬೈಟುಗಳ ಲೆಕ್ಕವೋ ಎಂಬುದನ್ನು ಹೆಡರ್ ಫೈಲಿನಲ್ಲಿ ಬರೆದಿಡಿ. 48ರ ಬದಲು 384 ಕೊಟ್ಟರೆ ಸಿ ಮರುಮಾತಿಲ್ಲದೆ 3,072 ಬೈಟ್ ಓದುತ್ತದೆ.

1, 2, 3 ಕಳಿಸಿದೆ. ಆ ಕಡೆ 0, 1.875, 0 ಬಂದಿದೆ. ಇದೇನು?

ಡಬಲ್ ಕಳಿಸಿದ್ದೀರಿ, ಆ ಕಡೆ 4 ಬೈಟಿನ ಫ್ಲೋಟ್ ಅಂತ ಓದುತ್ತಿದ್ದಾರೆ. ಡಬಲ್ ರೂಪದ 1ರ ಕೆಳಗಿನ 4 ಬೈಟ್ ಪೂರ್ತಿ ಸೊನ್ನೆ. ಮೇಲಿನ 4 ಬೈಟನ್ನು ಫ್ಲೋಟ್ ಅಂದುಕೊಂಡರೆ 1.875 ಆಗುತ್ತದೆ. ಮುಂದೆ ಓದುತ್ತಾ ಹೋದರೆ 0, 2, 0, 2.125 ಸಿಗುತ್ತವೆ. ಈ 1.875 ಕಂಡ ಕೂಡಲೇ ಬೇರೇನೂ ಹುಡುಕಬೇಡಿ, ಬಗೆಯನ್ನು ಸರಿಮಾಡಿ.

ಇಂಥ ಗುರುತುಗಳು ಇನ್ನೂ ಕೆಲವಿವೆ. 1, 0, 2, 0, 3, 0 ಬಂದರೆ 8 ಬೈಟಿನ ಪೂರ್ಣಾಂಕವನ್ನು 4 ಬೈಟಿನದೆಂದು ಓದಿದ್ದಾರೆ. 1 ಕಳಿಸಿದಲ್ಲಿ 1,67,77,216 ಬಂದರೆ ಬೈಟುಗಳ ಕ್ರಮ ತಿರುಗಿದೆ. ಜಾವಾದ ಬೈಟ್‌ಬಫರ್ ತಾನಾಗಿ ಬಿಗ್ ಎಂಡಿಯನ್ (ಹೆಚ್ಚಿನ ಬೆಲೆಯ ಬೈಟ್ ಮೊದಲು). ನಿಮ್ಮ ಲ್ಯಾಪ್‌ಟಾಪು ಬಹುತೇಕ ಖಂಡಿತ ಲಿಟಲ್ ಎಂಡಿಯನ್ (ಕಡಿಮೆ ಬೆಲೆಯ ಬೈಟ್ ಮೊದಲು). ಬಫರ್ ಮಾಡಿದ ತಕ್ಷಣ ಅದರ ಆರ್ಡರನ್ನು ನೇಟಿವ್‌ಆರ್ಡರ್‌ಗೆ ಬದಲಿಸಿದರೆ ಸರಿ.

ಪೂರ್ಣಾಂಕದಲ್ಲಿ ಇನ್ನೊಂದು ಹಳ್ಳವಿದೆ. ಸಿಯ ಲಾಂಗ್ 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, ವಿಂಡೋಸಿನಲ್ಲಿ 4. ಪೈಥಾನಿನ ಅರೇ ಲೈಬ್ರರಿಯಾದ ನಂಪೈ ಕೂಡ 2024ರ ಜೂನ್‌ನಲ್ಲಿ ಬಂದ 2.0ಕ್ಕಿಂತ ಮೊದಲು ವಿಂಡೋಸಿನಲ್ಲಿ 4 ಬೈಟಿನ ಪೂರ್ಣಾಂಕವನ್ನೇ ಸಹಜವೆಂದು ಇಟ್ಟುಕೊಂಡಿತ್ತು. "ನನ್ನ ಮಷೀನಿನಲ್ಲಿ ಓಡುತ್ತೆ" ಎಂಬ ಮಾತಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಗಡಿ ದಾಟುವ ಕಡೆ ಬರೀ ಇಂಟ್, ಲಾಂಗ್ ಬೇಡ. ಇಂಟ್32, ಇಂಟ್64 ಎಂದು ಅಗಲ ಹೇಳುವ ಹೆಸರನ್ನೇ ಬಳಸಿ. ಬೂಲಿಯನ್ ಬಗ್ಗೆಯೂ ಎಚ್ಚರ: ಸಿ ಮತ್ತು ನಂಪೈಯಲ್ಲಿ 1 ಬೈಟ್, ಫೋರ್ಟ್ರಾನಿನ ಸಾಮಾನ್ಯ ಲಾಜಿಕಲ್ 4 ಬೈಟ್.

ಪೈಥಾನಿನಿಂದ ಸಿಗೆ ನಂಪೈ ಅರೇ ಕೊಡುವ ಸರಿಯಾದ ಕ್ರಮ ಯಾವುದು?

ಸಿಟೈಪ್ಸ್ (ಪೈಥಾನಿನಿಂದ ಸಿ ಫಂಕ್ಷನ್ ಕರೆಯುವ ಮಾಡ್ಯೂಲ್) ಬಳಸುವವರಿಗೆ ಹೀಗೆ. ಮೊದಲು ಅರೇಯನ್ನು ನಂಪೈಯ ಆಸ್‌ಕಂಟಿಗ್ಯುಅಸ್‌ಅರೇ ಫಂಕ್ಷನ್ನಿನ ಮೂಲಕ ದಾಟಿಸಿ, ಬಗೆ ಫ್ಲೋಟ್64 ಎಂದು ಬಾಯಿಬಿಟ್ಟು ಹೇಳಿ. ಅದು ಕೊಟ್ಟದ್ದನ್ನು ಒಂದು ಹೆಸರಿಗೆ ಕಟ್ಟಿಟ್ಟುಕೊಳ್ಳಿ. ಏಕೆಂಬುದು ಕೆಳಗೆ ಬರುತ್ತದೆ. ಆಮೇಲೆ ಸಿ ಫಂಕ್ಷನ್ನಿನ ಆರ್ಗ್‌ಟೈಪ್ಸ್, ಅಂದರೆ ಆರ್ಗ್ಯುಮೆಂಟುಗಳ ಬಗೆ, ತುಂಬಿ: ಅರೇ ಇರುವ ಜಾಗಕ್ಕೆ ನಂಪೈಯ ಎನ್‌ಡಿಪಾಯಿಂಟರ್ ಹಾಕಿ, ಬಗೆ, ಆಯಾಮಗಳ ಸಂಖ್ಯೆ, ಸಿ ಜೋಡಣೆ ಮೂರನ್ನೂ ಬರೆಯಿರಿ. ಹೀಗೆ ಮಾಡಿದರೆ ತಪ್ಪು ಅರೇ ಕೊಟ್ಟಾಗ ಸಿಗೆ ಹೋಗುವ ಮೊದಲೇ ಪೈಥಾನ್ ಎರರ್ ಕೊಡುತ್ತದೆ, ಪ್ರೋಗ್ರಾಮ್ ಬಿದ್ದು ಸಾಯುವುದಿಲ್ಲ. ಕೊನೆಗೆ ರೆಸ್‌ಟೈಪ್, ಅಂದರೆ ಹಿಂತಿರುಗುವ ಉತ್ತರದ ಬಗೆ.

ಈ ಕೊನೆಯದನ್ನೇ ಜನ ಬಿಡುವುದು. ರೆಸ್‌ಟೈಪ್ ಹೇಳದಿದ್ದರೆ ಸಿಟೈಪ್ಸ್ ಇಂಟ್ ಅಂದುಕೊಳ್ಳುತ್ತದೆ. ಸಿ ಫಂಕ್ಷನ್ ಪಾಯಿಂಟರ್ ಹಿಂತಿರುಗಿಸಿದ್ದರೆ 8 ಬೈಟಿನ ವಿಳಾಸದಲ್ಲಿ 4 ಬೈಟ್ ಉದುರಿಹೋಗುತ್ತದೆ. ಆರ್ಗ್‌ಟೈಪ್ಸ್ ಇಲ್ಲದೆ ಅರೇಯ ವಿಳಾಸವನ್ನು ಬರೀ ಪೂರ್ಣಾಂಕವಾಗಿ ಕೊಟ್ಟರೂ ಇದೇ ಗತಿ. ವಿಳಾಸ ಚಿಕ್ಕದಿದ್ದಾಗ ಆಕಸ್ಮಿಕವಾಗಿ ಸರಿಹೋಗುತ್ತದೆ, ದೊಡ್ಡದಾದಾಗ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಬಿದ್ದುಹೋಗುವುದು.

ಪೈಥಾನ್ ಲಿಸ್ಟನ್ನು ಹಾಗೇ ಕೊಡಲು ಬರುವುದಿಲ್ಲ. ಅದರಲ್ಲಿ ಸಂಖ್ಯೆಗಳಿಲ್ಲ, ಸಂಖ್ಯೆಯ ಆಬ್ಜೆಕ್ಟುಗಳ ವಿಳಾಸಗಳಿವೆ. ಸಿಪೈಥಾನಿನಲ್ಲಿ (ಸಾಮಾನ್ಯವಾಗಿ ಬಳಸುವ ಪೈಥಾನ್) ಒಂದು ಫ್ಲೋಟ್ ಆಬ್ಜೆಕ್ಟ್ 24 ಬೈಟ್, ಅದರ ವಿಳಾಸ ಇನ್ನೊಂದು 8.

ಇಡೀ ಅರೇ ಕೊಟ್ಟರೆ ಸರಿ. ಜೂನ್ ಕಂಬಸಾಲು ಮಾತ್ರ ಕೊಟ್ಟರೆ ಉತ್ತರ ತಪ್ಪು. ಏಕೆ?

ನಂಪೈಯಲ್ಲಿ ಸ್ಲೈಸ್ ಮಾಡಿದಾಗ ದತ್ತಾಂಶ ಕದಲುವುದಿಲ್ಲ. ಬದಲಾಗುವುದು ಸ್ಟ್ರೈಡ್, ಅಂದರೆ ಮುಂದಿನ ಅಂಶಕ್ಕೆ ಎಷ್ಟು ಬೈಟ್ ಹಾರಬೇಕು ಎಂಬ ಲೆಕ್ಕ. ನಮ್ಮ ಮಳೆ ಅರೇಯ ಸ್ಟ್ರೈಡುಗಳು 96 ಮತ್ತು 8: ಮುಂದಿನ ಜಾಗಕ್ಕೆ 96 ಬೈಟ್, ಮುಂದಿನ ತಿಂಗಳಿಗೆ 8. ಜೂನ್ ಕಂಬಸಾಲನ್ನು ತೆಗೆದಾಗ 4 ಸಂಖ್ಯೆಗಳ ಅರೇ ಸಿಗುತ್ತದೆ, ಅದರ ಸ್ಟ್ರೈಡ್ 96. ಸಿಗೆ ಈ 96 ಗೊತ್ತಿಲ್ಲ. ಅದು ಹೆಬ್ಬಾಳದ ಜೂನ್‌ನಿಂದ ಶುರುಮಾಡಿ 8 ಬೈಟ್‌ಗೊಮ್ಮೆ ಓದುತ್ತದೆ. ನಾಲ್ಕು ಜಾಗಗಳ ಜೂನ್ ಮಳೆ ಕೇಳಿದವರಿಗೆ ಹೆಬ್ಬಾಳದ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಸಿಗುತ್ತದೆ. ನಾಲ್ಕೂ ಮಳೆಗಾಲದ ತಿಂಗಳುಗಳೇ ಆದ್ದರಿಂದ ಸಂಖ್ಯೆ ನೋಡಿದವರಿಗೆ ಅನುಮಾನವೂ ಬರದು.

ದಾರಿ ಎರಡು. ಕಾಪಿ ಮಾಡಿ ಒತ್ತಾಗಿ ಜೋಡಿಸಿದ ಅರೇಯನ್ನು ಕೊಡಿ, ಅಥವಾ ಸಿ ಫಂಕ್ಷನ್ನೇ ಸ್ಟ್ರೈಡನ್ನೂ ಆರ್ಗ್ಯುಮೆಂಟಾಗಿ ತೆಗೆದುಕೊಳ್ಳಲಿ. ಎರಡನೆಯದನ್ನು ಆರಿಸಿದರೆ ನಂಪೈಯ ಸ್ಟ್ರೈಡ್ ಬೈಟುಗಳಲ್ಲಿರುತ್ತದೆ, ಸಿ ಪಾಯಿಂಟರ್ ಅಂಶಗಳ ಲೆಕ್ಕದಲ್ಲಿ ಮುಂದೆ ಹೋಗುತ್ತದೆ ಎಂಬುದು ನೆನಪಿರಲಿ. 96ನ್ನು 8ರಿಂದ ಭಾಗಿಸಿ 12 ಕೊಡಬೇಕು. ಅರೇಯನ್ನು ತಿರುಗಿಸಿದ್ದರೆ ಸ್ಟ್ರೈಡ್ ಋಣಾತ್ಮಕವೂ ಆಗಬಹುದು.

ಕಾಪಿ ಮಾಡಿ ಕೊಟ್ಟಾಗ ಒಂದು ತೊಡಕು: ಸಿ ಬರೆದದ್ದು ಆ ಕಾಪಿಗೆ ಹೋಗುತ್ತದೆ, ನಿಮ್ಮ ಮೂಲ ಅರೇ ಹಾಗೇ ಉಳಿಯುತ್ತದೆ. ಸಿ ಪ್ಲಸ್ ಪ್ಲಸ್ ಕೋಡನ್ನು ಪೈಥಾನಿಗೆ ಬೆಸೆಯುವ ಪೈಬೈಂಡ್11ರಲ್ಲಿ ಫೋರ್ಸ್‌ಕಾಸ್ಟ್ (ಬಗೆ ಬೇರೆಯಿದ್ದರೆ ಬದಲಿಸಿಕೊಳ್ಳುವ ಆಯ್ಕೆ) ಇದ್ದಾಗ ಇದು ಸದ್ದಿಲ್ಲದೆ ನಡೆಯುತ್ತದೆ. ಫ್ಲೋಟ್32 ಅರೇ ಕೊಟ್ಟಿರಿ, ಅದು ಡಬಲ್ ಕಾಪಿ ಮಾಡಿಕೊಂಡಿತು, ಸಿ ಪ್ಲಸ್ ಪ್ಲಸ್ ಅದರಲ್ಲಿ ಉತ್ತರ ಬರೆಯಿತು, ಕಾಪಿ ಕಸಕ್ಕೆ ಹೋಯಿತು. ಉತ್ತರ ಬರೆಸಿಕೊಳ್ಳುವ ಅರೇಗೆ ಫೋರ್ಸ್‌ಕಾಸ್ಟ್ ಬೇಡವೇ ಬೇಡ.

ಫೋರ್ಟ್ರಾನಿಗೆ ಕೊಟ್ಟಾಗ ಅಡ್ಡಸಾಲು ಕಂಬಸಾಲು ಅದಲುಬದಲಾಗುವುದು ಏಕೆ?

ಸಿ ಅಡ್ಡಸಾಲನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಫೋರ್ಟ್ರಾನ್ ಕಂಬಸಾಲನ್ನು ಮುಗಿಸಿ ಮುಂದಕ್ಕೆ ಹೋಗುತ್ತದೆ. ಜೂಲಿಯಾ, ಆರ್, ಮ್ಯಾಟ್‌ಲ್ಯಾಬ್ ಕೂಡ ಅದೇ ಗುಂಪು. ಮೆಮೊರಿ ಅದೇ, ಓದುವ ರೀತಿ ಬೇರೆ. 7ನೇ ಮೇನ್ 3ನೇ ಕ್ರಾಸ್ ಹುಡುಕುತ್ತಾ 3ನೇ ಮೇನ್ 7ನೇ ಕ್ರಾಸಿಗೆ ಹೋದ ಡೆಲಿವರಿ ಹುಡುಗನ ಪರಿಸ್ಥಿತಿ ಇದು. ಅಲ್ಲೂ ಒಂದು ಮನೆ ಇದೆ, ಬಾಗಿಲು ತಟ್ಟಿದರೆ ಯಾರೋ ತೆರೆಯುತ್ತಾರೆ, ಎರರ್ ಬರುವುದೇ ಇಲ್ಲ.

ಲೆಕ್ಕ ಹಾಕಿ ನೋಡಿ. ಜಯನಗರದ ಜೂನ್ ಮಳೆ ಸಿಯಲ್ಲಿ ಅಡ್ಡಸಾಲು 1, ಕಂಬಸಾಲು 5. ಮೆಮೊರಿಯ ಆರಂಭದಿಂದ 1 × 12 + 5 = 17 ಅಂಶ ದಾಟಿದ ಮೇಲೆ ಅದು ಸಿಗುತ್ತದೆ. ಫೋರ್ಟ್ರಾನಿನಲ್ಲಿ ಅಳತೆಯನ್ನು ಹಾಗೇ 4, 12 ಎಂದು ಬರೆದು, ಎಣಿಕೆ 1ರಿಂದ ಶುರುವಾಗುವ ಕಾರಣ 2, 6 ಕೇಳಿದರೆ, ಅದು ನೋಡುವುದು (2−1) + (6−1) × 4 = 21. ಸಿ ಲೆಕ್ಕದಲ್ಲಿ 21 ಅಂದರೆ ಜಯನಗರದ ಅಕ್ಟೋಬರ್. ಊರು ಸರಿ, ತಿಂಗಳು ತಪ್ಪು. ಅಕ್ಟೋಬರ್ ಕೂಡ ಬೆಂಗಳೂರಿಗೆ ಒಳ್ಳೆಯ ಮಳೆಯ ತಿಂಗಳೇ.

ಪರಿಹಾರ ಸರಳ: ಫೋರ್ಟ್ರಾನಿನಲ್ಲಿ ಅಳತೆಯನ್ನು ತಿರುಗಿಸಿ 12, 4 ಎಂದು ಬರೆಯಿರಿ, ಮೊದಲು ತಿಂಗಳು ಆಮೇಲೆ ಜಾಗ. ಆಗ 6, 2 ಕೇಳಿದರೆ (6−1) + (2−1) × 12 = 17. ಒಂದು ಬೈಟೂ ಕಾಪಿ ಆಗಲಿಲ್ಲ. ಆ ಕಡೆಯ ಕೋಡನ್ನು ಮುಟ್ಟುವಂತಿಲ್ಲ, ಅದು 4, 12 ಎಂದೇ ಬೇಡುತ್ತದೆ ಎಂದಾದರೆ ನಂಪೈಯ ಆಸ್‌ಫೋರ್ಟ್ರಾನ್‌ಅರೇಯಿಂದ ನಿಜಕ್ಕೂ ಜೋಡಣೆ ಬದಲಿಸಿ ಕೊಡಿ. ಬರೀ ಟ್ರಾನ್ಸ್‌ಪೋಸ್ ಮಾಡಿದರೆ ಏನೂ ಆಗದು. ನಂಪೈಯಲ್ಲಿ ಅದು ಸ್ಟ್ರೈಡ್ ಅದಲುಬದಲು ಮಾಡುತ್ತದೆ ಅಷ್ಟೆ, ವಿಳಾಸ ಅದೇ, ಬೈಟುಗಳೂ ಅಲ್ಲೇ.

ಫೋರ್ಟ್ರಾನನ್ನು ಪೈಥಾನಿಗೆ ಬೆಸೆಯುವ ಎಫ್2ಪೈ ಬಳಸುವವರಿಗೆ ಈ ಕೆಲಸ ತಾನಾಗಿ ಆಗುತ್ತದೆ: ಇಂಟೆಂಟ್ ಇನ್ (ಓದಲಷ್ಟೇ) ಎಂದು ಗುರುತು ಮಾಡಿದ ಅರೇಯ ಜೋಡಣೆ ಸರಿಯಿಲ್ಲದಿದ್ದರೆ ಅದೇ ಕಾಪಿ ಮಾಡಿಕೊಳ್ಳುತ್ತದೆ. ಇಂಟೆಂಟ್ ಇನ್‌ಔಟ್ (ಓದಿ ಬರೆಯಲು) ಆದರೆ ಕಾಪಿ ಮಾಡದೆ ಎರರ್ ಕೊಡುತ್ತದೆ. ಆ ಎರರ್ ನಿಮ್ಮ ಒಳ್ಳೆಯದಕ್ಕೇ ಇದೆ, ಬೈಯಬೇಡಿ.

ಜೋಡಣೆ ಸರಿಮಾಡಿದೆ. ಆದರೂ ಫೋರ್ಟ್ರಾನ್ ಸಬ್‌ರೂಟೀನ್ ಕರೆದ ಕೂಡಲೇ ಕ್ರ್ಯಾಶ್.

ಆ ಸಬ್‌ರೂಟೀನಿನಲ್ಲಿ ಅರೇಯ ಅಳತೆಯ ಜಾಗದಲ್ಲಿ ಬರೀ ಕೋಲನ್ ಇದೆಯೇ ನೋಡಿ. ಫೋರ್ಟ್ರಾನ್ 90ರಿಂದ ಬಂದ ಅಸ್ಯೂಮ್ಡ್ ಶೇಪ್ ಅರೇಗಳು ಬರೀ ವಿಳಾಸ ತೆಗೆದುಕೊಳ್ಳುವುದಿಲ್ಲ, ವಿಳಾಸ, ಅಳತೆ, ಹೆಜ್ಜೆ ಎಲ್ಲ ತುಂಬಿದ ಡಿಸ್ಕ್ರಿಪ್ಟರನ್ನು ಕೇಳುತ್ತವೆ. ನೀವು ಕೊಟ್ಟ ಡಬಲ್ ಸಂಖ್ಯೆಗಳನ್ನೇ ಅದು ಡಿಸ್ಕ್ರಿಪ್ಟರ್ ಎಂದು ಓದಿ, ಸಿಕ್ಕಿದ್ದನ್ನು ವಿಳಾಸ ಎಂದು ನಂಬಿ ಎಲ್ಲೋ ಹೋಗುತ್ತದೆ. ಅಳತೆಯನ್ನು ಆರ್ಗ್ಯುಮೆಂಟಾಗಿ ತೆಗೆದುಕೊಳ್ಳುವ ಒಂದು ಚಿಕ್ಕ ಹೊದಿಕೆ ಸಬ್‌ರೂಟೀನ್ ಬರೆಯಿರಿ, ಅದಕ್ಕೆ ಬೈಂಡ್ ಸಿ ಗುರುತು ಹಾಕಿ, ಒಳಗಿಂದ ಹಳೆಯದನ್ನು ಕರೆಯಿರಿ. ಇದಕ್ಕೆ ಬೇಕಾದ ಐಎಸ್ಒ ಸಿ ಬೈಂಡಿಂಗ್ ಮಾಡ್ಯೂಲ್ ಫೋರ್ಟ್ರಾನ್ 2003ರಿಂದಲೇ ಇದೆ. ಡಿಸ್ಕ್ರಿಪ್ಟರನ್ನು ಸಿ ಕಡೆಯಿಂದಲೇ ಕಟ್ಟಿಕೊಡುವ ದಾರಿ ಫೋರ್ಟ್ರಾನ್ 2018ರಲ್ಲಿ ಬಂದಿದೆ, ಆದರೆ ಹೊದಿಕೆಯೇ ಓದಲು ಸುಲಭ.

ಬೈಂಡ್ ಸಿ ಇಲ್ಲದಿದ್ದರೆ ಜಿಫೋರ್ಟ್ರಾನ್ ಕಂಪೈಲರ್ ಸಬ್‌ರೂಟೀನಿನ ಹೆಸರನ್ನು ಚಿಕ್ಕಕ್ಷರ ಮಾಡಿ ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸುತ್ತದೆ. "ಸಿಂಬಲ್ ಸಿಗುತ್ತಿಲ್ಲ" ಎಂಬ ಲಿಂಕರ್ ಗೋಳಿಗೆ ಮೊದಲ ಕಾರಣ ಅದೇ. ಉದ್ದದಂಥ ಒಂಟಿ ಸಂಖ್ಯೆಯನ್ನೂ ಫೋರ್ಟ್ರಾನ್ ವಿಳಾಸದ ಮೂಲಕವೇ ನಿರೀಕ್ಷಿಸುತ್ತದೆ. ಮೌಲ್ಯವನ್ನೇ ಕೊಡಬೇಕಿದ್ದರೆ ವ್ಯಾಲ್ಯೂ ಎಂಬ ಗುರುತು ಬೇಕು.

ಜಾವಾ ಅರೇಯನ್ನು ಸಿ ಕಡೆ ತಿದ್ದಿದೆ. ಜಾವಾದಲ್ಲಿ ಹಳೆಯ ಸಂಖ್ಯೆಯೇ ಕಾಣುತ್ತಿದೆ.

ಜಾವಾ ಮತ್ತು ಸಿ ನಡುವಿನ ಸೇತುವೆಯಾದ ಜೆಎನ್ಐಯಲ್ಲಿ ಗೆಟ್‌ಡಬಲ್‌ಅರೇಎಲಿಮೆಂಟ್ಸ್ ಕೊಡುವುದು ಮೂಲವೋ ಕಾಪಿಯೋ ಎಂಬುದು ಜಾವಾ ಯಂತ್ರದ ಇಷ್ಟ. ಹೆಚ್ಚಿನವರು ಬಳಸುವ ಹಾಟ್‌ಸ್ಪಾಟ್ ಯಂತ್ರದಲ್ಲಿ ಅದು ಕಾಪಿ. ತಿದ್ದಿದ್ದು ವಾಪಸ್ ಹೋಗುವುದು ರಿಲೀಸ್ ಕರೆದಾಗ, ಅದೂ ಮೋಡ್ 0 ಅಥವಾ ಜೆಎನ್ಐ ಕಮಿಟ್ ಕೊಟ್ಟಾಗ. ರಿಲೀಸ್ ಮರೆತರೆ ಬದಲಾವಣೆಯೂ ಹೋಯಿತು, ಮೆಮೊರಿಯೂ ಸೋರಿತು. ಜೆಎನ್ಐ ಅಬಾರ್ಟ್ ಎಂಬ ಮೋಡ್ ಬೇಕೆಂದೇ ಬದಲಾವಣೆಯನ್ನು ಎಸೆಯುತ್ತದೆ. ಓದಲಷ್ಟೇ ತೆಗೆದುಕೊಂಡಿದ್ದರೆ ಅದೇ ಹಗುರ. ನಡುವೆ ಎರರ್ ಬಂದು ಬೇಗ ಹಿಂತಿರುಗುವ ದಾರಿಯಲ್ಲೂ ರಿಲೀಸ್ ಇದೆಯೇ ಎಂದು ನೋಡಿ.

ಕ್ರಿಟಿಕಲ್ ಎಂಬ ಹೆಸರಿನ ಇನ್ನೊಂದು ಜೋಡಿ ಫಂಕ್ಷನ್ನುಗಳು ಕಾಪಿ ತಪ್ಪಿಸಲು ನೋಡುತ್ತವೆ, ಆದರೆ ಗೆಟ್ ಮತ್ತು ರಿಲೀಸಿನ ನಡುವೆ ಬೇರೆ ಜೆಎನ್ಐ ಕರೆ ಮಾಡುವಂತಿಲ್ಲ, ಕಾಯುವಂತಿಲ್ಲ. ಅಷ್ಟು ಹೊತ್ತು ಗಾರ್ಬೇಜ್ ಕಲೆಕ್ಟರ್ (ಬೇಡದ ಮೆಮೊರಿ ಬಿಡಿಸುವ ವ್ಯವಸ್ಥೆ) ತಡೆಹಿಡಿದು ನಿಲ್ಲಬಹುದು.

ಎರಡು ಆಯಾಮದ ಜಾವಾ ಅರೇ ಒಂದೇ ತುಂಡಲ್ಲ: 4 ಬೇರೆ ಬೇರೆ ಅರೇಗಳ ಅರೇ. ಮೊದಲ ಸಾಲಿನ ಕೊನೆಯಿಂದ ಎರಡನೇ ಸಾಲಿಗೆ ಹಾರಲು ಆಗುವುದಿಲ್ಲ. ಪ್ರತಿ ಸಾಲನ್ನೂ ಬೇರೆಯಾಗಿ ತರಬೇಕು, ಲೂಪಿನಲ್ಲಿ ತರುವಾಗ ಹಿಂದಿನ ಸಾಲಿನ ಲೋಕಲ್ ರೆಫರೆನ್ಸನ್ನು ಅಳಿಸುತ್ತಾ ಹೋಗಬೇಕು, ಏಕೆಂದರೆ ಖಾತ್ರಿ ಇರುವುದು ಅಂಥ 16 ರೆಫರೆನ್ಸಿಗೆ ಮಾತ್ರ. ನಮ್ಮನ್ನು ಕೇಳಿದರೆ 48 ಅಂಶಗಳ ಒಂದೇ ಉದ್ದದ ಅರೇ ಇಟ್ಟುಕೊಂಡು ಸೂಚ್ಯಂಕವನ್ನು ನೀವೇ ಲೆಕ್ಕಹಾಕಿ. ಹೊಸ ಕೋಡಾದರೆ ಜೆಎನ್ಐಯನ್ನೇ ಬಿಟ್ಟು, 2024ರ ಮಾರ್ಚ್‌ನಲ್ಲಿ ಬಂದ ಜಾವಾ 22ರಲ್ಲಿ ಅಂತಿಮಗೊಂಡ ಫಾರಿನ್ ಫಂಕ್ಷನ್ ಮತ್ತು ಮೆಮೊರಿ ಎಪಿಐ ನೋಡಿ. ಮುಚ್ಚಿದ ಅರೀನಾದ (ಮೆಮೊರಿಯ ಆಯುಷ್ಯ ನೋಡಿಕೊಳ್ಳುವ ಆಬ್ಜೆಕ್ಟು) ಮೆಮೊರಿಯನ್ನು ಜಾವಾ ಕಡೆಯಿಂದ ಮುಟ್ಟಿದರೆ ಅದು ಕ್ರ್ಯಾಶ್ ಆಗದೆ ಎಕ್ಸೆಪ್ಷನ್ ಕೊಡುತ್ತದೆ.

ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಸರಿ, ಒಮ್ಮೆ ಕಸ. ಎಲ್ಲಿ ಹುಡುಕಲಿ?

ಆಯುಷ್ಯ ಮುಗಿದ ಅರೇಯ ವಿಳಾಸ ಹಿಡಿದಿದ್ದೀರಿ ಎಂಬುದು ಮೊದಲ ಅನುಮಾನ. ಪೈಥಾನಿನಲ್ಲಿ ಎರಡು ಅರೇ ಕೂಡಿಸಿ ಆ ಮೊತ್ತದ ವಿಳಾಸವನ್ನು ಸಂಖ್ಯೆಯಾಗಿ ತೆಗೆದುಕೊಂಡಿರಿ ಅನ್ನಿ. ಮೊತ್ತಕ್ಕೆ ಹೆಸರಿಲ್ಲ, ಆ ಸಾಲು ಮುಗಿಯುತ್ತಲೇ ಅದು ಮುಕ್ತ, ಸಿ ಓದುವ ಹೊತ್ತಿಗೆ ಅಲ್ಲಿ ಬೇರೆ ಯಾರೋ ಬಾಡಿಗೆಗೆ ಬಂದಿರುತ್ತಾರೆ. ಹೆಸರಿಗೆ ಕಟ್ಟಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಸಿ ಲೈಬ್ರರಿ ವಿಳಾಸವನ್ನು ಇಟ್ಟುಕೊಂಡು ಆಮೇಲೆ ಬಳಸುವಂಥದ್ದಾದರೆ ಸಮಸ್ಯೆ ಇನ್ನೂ ಆಳ. ಸಿಟೈಪ್ಸಿನಲ್ಲಿ ಕಾಲ್‌ಬ್ಯಾಕ್ (ಸಿ ಮರಳಿ ಕರೆಯುವ ಪೈಥಾನ್ ಫಂಕ್ಷನ್) ಕೊಟ್ಟಿದ್ದರೆ ಆ ಆಬ್ಜೆಕ್ಟನ್ನೂ ಎಲ್ಲಾದರೂ ಹಿಡಿದಿಟ್ಟಿರಬೇಕು. ಗೋ ಭಾಷೆಯಲ್ಲಿ, ಕರೆ ಮುಗಿದ ಮೇಲೆ ಸಿ ಕಡೆ ಗೋ ವಿಳಾಸ ಉಳಿಯುವಂತಿಲ್ಲ ಎಂಬುದು ನಿಯಮ. ಉಳಿಯಲೇಬೇಕಾದರೆ ಗೋ 1.21ರ ರನ್‌ಟೈಮ್ ಪಿನ್ನರ್ ಬಳಸಿ. ಜೂಲಿಯಾದಲ್ಲಿ ಜಿಸಿ ಪ್ರಿಸರ್ವ್.

ಎರಡನೇ ಅನುಮಾನ ಥ್ರೆಡ್. ಸಿಟೈಪ್ಸಿನ ಸಿಡಿಎಲ್ಎಲ್ ಸಿ ಫಂಕ್ಷನ್ ಓಡುವಷ್ಟು ಹೊತ್ತು ಜಿಐಎಲ್ ಅನ್ನು, ಅಂದರೆ ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಪೈಥಾನಿನ ಬೀಗವನ್ನು, ಬಿಟ್ಟುಕೊಡುತ್ತದೆ. ಇನ್ನೊಂದು ಥ್ರೆಡ್ ಅದೇ ಅರೇಗೆ ಬರೆಯುತ್ತಿದ್ದರೆ ತಡೆಯುವವರಿಲ್ಲ.

ಸಿ ಕೊಟ್ಟ ಅರೇಯನ್ನು ಯಾರು ಫ್ರೀ ಮಾಡಬೇಕು?

ಮೆಮೊರಿ ತೆಗೆದುಕೊಂಡವರೇ. ಸಿಯ ಮ್ಯಾಲಕ್‌ನಿಂದ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಬಂದದ್ದನ್ನು ಫೋರ್ಟ್ರಾನಿನ ಡೀಅಲೊಕೇಟ್ ಅಥವಾ ರಸ್ಟಿನ ವೆಕ್‌ಗೆ ಒಪ್ಪಿಸಬೇಡಿ. ವಿಂಡೋಸಿನಲ್ಲಂತೂ ಎರಡು ಡಿಎಲ್ಎಲ್‌ಗಳು ಬೇರೆ ಬೇರೆ ಸಿ ರನ್‌ಟೈಮ್ ಬಳಸಿದ್ದರೆ ಒಂದರ ಮ್ಯಾಲಕ್ಕಿಗೆ ಇನ್ನೊಂದರ ಫ್ರೀ ಕೂಡ ಹೊಂದುವುದಿಲ್ಲ. ಆದ್ದರಿಂದ ಅರೇ ಹಿಂತಿರುಗಿಸುವ ಪ್ರತಿ ಫಂಕ್ಷನ್ನಿಗೂ ಅದನ್ನು ಬಿಡುವ ಫಂಕ್ಷನ್ನನ್ನು ಅದೇ ಲೈಬ್ರರಿಯಲ್ಲಿ ಬರೆಯಿರಿ.

ಇದಕ್ಕಿಂತ ಒಳ್ಳೆಯದು, ಸಿ ಕಡೆ ಮೆಮೊರಿ ತೆಗೆದುಕೊಳ್ಳದೇ ಇರುವುದು. ಕರೆಯುವವರು 48 ಅಂಶದ ಖಾಲಿ ಅರೇ ಕೊಡಲಿ, ಸಿ ತುಂಬಿಸಲಿ.

ಒಂದೂ ಅಂಶವಿಲ್ಲದ, ಉದ್ದ 0 ಇರುವ ಅರೇ ಕೊಟ್ಟರೆ?

ಗೋದಲ್ಲಿ 0ನೇ ಅಂಶದ ವಿಳಾಸ ತೆಗೆಯಹೋದರೆ ಪ್ಯಾನಿಕ್, ಅಂದರೆ ಓಡುವಾಗಲೇ ಎರರ್. ವಿಳಾಸ ಮತ್ತು ಉದ್ದದಿಂದ ಸ್ಲೈಸ್ ಕಟ್ಟುವ ರಸ್ಟಿನ ಫ್ರಮ್ ರಾ ಪಾರ್ಟ್ಸ್‌ಗೆ ಉದ್ದ 0 ಇದ್ದರೂ ನಲ್ ವಿಳಾಸ ಕೊಡುವಂತಿಲ್ಲ. ಗಡಿಯಲ್ಲೇ ಉದ್ದ ನೋಡಿ ಬೇರೆ ದಾರಿ ಹಿಡಿಯಿರಿ.

ಬ್ರೌಸರಿನಲ್ಲಿ ವೆಬ್‌ಅಸೆಂಬ್ಲಿಯ ಅರೇ ಇದ್ದಕ್ಕಿದ್ದಂತೆ ಉದ್ದ 0 ಆಗುತ್ತದೆ.

ಸಿಯಂಥ ಭಾಷೆಯ ಕೋಡನ್ನು ಬ್ರೌಸರಿನಲ್ಲಿ ಓಡಿಸುವ ರೂಪವಾದ ವೆಬ್‌ಅಸೆಂಬ್ಲಿಯ ಮೆಮೊರಿ ಬೆಳೆದಾಗ ಹಳೇ ಅರೇಬಫರ್ ಕಳಚಿಕೊಳ್ಳುತ್ತದೆ, ಅದರ ಮೇಲೆ ಮಾಡಿದ್ದ ಫ್ಲೋಟ್64ಅರೇ ನೋಟಗಳೆಲ್ಲ ಖಾಲಿ. ನೋಟವನ್ನು ಎತ್ತಿಟ್ಟುಕೊಳ್ಳಬೇಡಿ, ಪ್ರತಿ ಕರೆಯ ನಂತರ ಹೊಸದಾಗಿ ಮಾಡಿ. ಸಿಯನ್ನು ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡುವ ಎಂಸ್ಕ್ರಿಪ್ಟನ್ ಕೊಡುವ ವಿಳಾಸ ಬೈಟಿನಲ್ಲಿರುತ್ತದೆ. ಡಬಲ್ ನೋಟದ ಸೂಚ್ಯಂಕ ಬೇಕಾದರೆ 8ರಿಂದ ಭಾಗಿಸಿ.

ಜಾಗಗಳ ಹೆಸರು ಕನ್ನಡದಲ್ಲಿವೆ. ಆ ಅರೇ ದಾಟಿಸುವುದು ಹೇಗೆ?

ಅಕ್ಷರ ಎಣಿಸಬೇಡಿ, ಬೈಟ್ ಎಣಿಸಿ. "ಬೆಂಗಳೂರು" ಕಣ್ಣಿಗೆ 4 ಅಕ್ಷರ, ಯೂನಿಕೋಡಿನಲ್ಲಿ 8 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 24. ಜಾವಾದಲ್ಲಿ ಉದ್ದ 8, ಯುಟಿಎಫ್-16ರ 16 ಬೈಟ್. ನಂಪೈಯ ಯೂನಿಕೋಡ್ ಬಗೆಯಲ್ಲಿ ಸಂಕೇತಕ್ಕೆ 4ರಂತೆ 32 ಬೈಟ್. ಫೋರ್ಟ್ರಾನಿನಲ್ಲಿ 10 ಉದ್ದದ ಕ್ಯಾರೆಕ್ಟರ್ ಇಟ್ಟಿದ್ದರೆ ಮೂರು ಸಂಕೇತ ಮುಗಿದು ನಾಲ್ಕನೆಯದರ ಮೊದಲ ಬೈಟಿನ ನಂತರ ಕತ್ತರಿ ಬೀಳುತ್ತದೆ, ಓದುವ ಕಡೆ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಕಾಣುತ್ತದೆ. ಫೋರ್ಟ್ರಾನ್ ಕೊನೆಯಲ್ಲಿ ನಲ್ ಬೈಟ್ ಇಡುವುದಿಲ್ಲ, ಖಾಲಿ ಜಾಗದಿಂದ ತುಂಬಿಸುತ್ತದೆ ಎಂಬುದೂ ಇದೆ. ಹೆಸರುಗಳನ್ನೆಲ್ಲ ಒಂದೇ ಯುಟಿಎಫ್-8 ತುಂಡಾಗಿ ಜೋಡಿಸಿ, ಒಂದೊಂದು ಎಲ್ಲಿ ಶುರುವಾಗುತ್ತದೆ ಎಂಬ ಪೂರ್ಣಾಂಕಗಳ ಅರೇಯನ್ನು ಜೊತೆಗೆ ಕೊಡಿ. ಭಾಷೆಗಳ ನಡುವೆ ದತ್ತಾಂಶ ಹಂಚಲೆಂದೇ ಇರುವ ಅಪಾಚೆ ಆರೋ ಕೂಡ ಪಠ್ಯವನ್ನು ಹೀಗೇ ಇಡುತ್ತದೆ.

ಕಾಪಿ ಮಾಡಿದರೆ ನಿಧಾನವಾಗುವುದಿಲ್ಲವೇ?

48 ಸಂಖ್ಯೆಗೆ ಚಿಂತೆ ಬೇಡ. 4,000 × 4,000 ಡಬಲ್ ಅಂದರೆ 12.8 ಕೋಟಿ ಬೈಟ್. ಅದನ್ನು ಲೂಪಿನಲ್ಲಿ ಸಾವಿರ ಸಲ ಕಾಪಿ ಮಾಡಿದರೆ ಗೊತ್ತಾಗುತ್ತದೆ. ಮೊದಲು ಕಾಪಿ ಮಾಡಿ ಸರಿಯಾದ ಉತ್ತರ ತನ್ನಿ, ಆಮೇಲೆ ಅಳೆದು ನೋಡಿ ತೆಗೆಯಿರಿ. ಕರೆಯ ಖರ್ಚೂ ಲೆಕ್ಕಕ್ಕಿರಲಿ: ಒಂದೊಂದು ಅಂಶಕ್ಕೆ ಒಂದೊಂದು ಸಲ ಗಡಿ ದಾಟುವ ಕೋಡು ಕಾಪಿಗಿಂತ ಎಷ್ಟೋ ದುಬಾರಿ.

ಏನೂ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರುಮಾಡಲಿ?

ನಿಜವಾದ ದತ್ತಾಂಶ ಪಕ್ಕಕ್ಕಿಡಿ. 2 × 3 ಅರೇ ಮಾಡಿ, ಅದರಲ್ಲಿ 11, 12, 13, 21, 22, 23 ಹಾಕಿ. ಹತ್ತರ ಸ್ಥಾನ ಅಡ್ಡಸಾಲು, ಬಿಡಿ ಸ್ಥಾನ ಕಂಬಸಾಲು. ಚೌಕದ ಅರೇ ಬೇಡ, ಅದರಲ್ಲಿ ಅಳತೆ ಅದಲುಬದಲಾದರೂ ಕಾಣುವುದಿಲ್ಲ. ಆ ಕಡೆ ಮೊದಲ ಕೆಲಸವಾಗಿ ವಿಳಾಸ, ಉದ್ದಗಳು, ಆರೂ ಸಂಖ್ಯೆ ಪ್ರಿಂಟ್ ಮಾಡಿಸಿ. ವಿಳಾಸ ಎರಡೂ ಕಡೆ ಒಂದೇ ಇರಬೇಕು. ಇಲ್ಲವಾದರೆ ನಡುವೆ ಕಾಪಿ ಆಗಿದೆ ಅಥವಾ ವಿಳಾಸ ತುಂಡಾಗಿದೆ. ಸಂಖ್ಯೆಗಳು 11, 21, 12 ಎಂದು ಬಂದರೆ ಜೋಡಣೆ, ಪೂರ್ತಿ ವಿಚಿತ್ರವಾಗಿದ್ದರೆ ಬಗೆ, ಮೊದಲೆರಡು ಮೂರು ಸರಿಯಾಗಿ ಆಮೇಲೆ ಕೆಟ್ಟರೆ ಸ್ಟ್ರೈಡ್ ಇಲ್ಲವೇ ಉದ್ದ.

ಕ್ರ್ಯಾಶ್ ಆಗುತ್ತಿದ್ದರೆ ಪೈಥಾನನ್ನು ಫಾಲ್ಟ್‌ಹ್ಯಾಂಡ್ಲರ್ ಹಾಕಿ ಓಡಿಸಿ, ಯಾವ ಸಾಲಿನಿಂದ ಕರೆ ಹೋಯಿತೆಂದು ತಿಳಿಯುತ್ತದೆ. ಸಿ ಲೈಬ್ರರಿಯನ್ನು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಜೊತೆ ಮತ್ತೆ ಕಂಪೈಲ್ ಮಾಡಿ. ಲಿನಕ್ಸಿನಲ್ಲಿ ಪೈಥಾನ್ ಒಳಗಿಂದ ಲೋಡ್ ಮಾಡುವುದಾದರೆ ಸ್ಯಾನಿಟೈಸರಿನ ರನ್‌ಟೈಮನ್ನು ಪ್ರೀಲೋಡ್ ಮಾಡಬೇಕು. ಜಾವಾಗೆ ಚೆಕ್ ಜೆಎನ್ಐ ಎಂಬ ಆಯ್ಕೆ ಇದೆ. ಜಿಫೋರ್ಟ್ರಾನಿನ ಬೌಂಡ್ಸ್ ಚೆಕ್ ಹಾಕಿ, ಆದರೆ ಕೊನೆಯ ಅಳತೆಗೆ ನಕ್ಷತ್ರ ಹಾಕಿದ ಅರೇಯಲ್ಲಿ ಆ ಆಯಾಮದ ಮೇಲಿನ ಮಿತಿ ಅದಕ್ಕೂ ಗೊತ್ತಿರುವುದಿಲ್ಲ. ಆ ನಕ್ಷತ್ರವನ್ನು ತೆಗೆದು ಅಳತೆ ಬರೆದ ಮೇಲೆ ಮತ್ತೊಮ್ಮೆ ಓಡಿಸಿ.